ತಿರುವಿನಲ್ಲಿ ನಿಂತ ಹಸಿರು ಬಸ್ಸು

ನಮ್ಮ ಭಾವ ಗೇಮ್ ತಯಾರಿಸುತ್ತಿದ್ದಾರೆಂಬ ಸುದ್ದಿ ಮೊದಲು ಹೊರಬಿದ್ದದ್ದು ಊಟದ ಮೇಜಿನ ಮೇಲೆ, ಅದೂ ಅವರ ಬಾಯಿಂದಲೇ. ಆ ದಿನ ಅವರ ಷಡ್ಡಕ, ಅಂದರೆ ನಮ್ಮ ದೊಡ್ಡಕ್ಕನ ಗಂಡ, ಮನೆಗೆ ಬಂದಿದ್ದರು. ಆ ಮನುಷ್ಯ ಊಟಕ್ಕೆ ಕೂತರೆ ತಟ್ಟೆಗಿಂತ ಮೊದಲು ಎದುರಿಗೆ ಕೂತವರನ್ನು ಖಾಲಿ ಮಾಡುತ್ತಾರೆ. ಭಾವ ಕೊಂಡು ಮೂಲೆಗಿಟ್ಟ ಗಿಟಾರು, ಅರ್ಧಕ್ಕೇ ನಿಲ್ಲಿಸಿದ ಜರ್ಮನ್ ಕಲಿಕೆ, ಮೀನುಗಳು ಒಂದೊಂದಾಗಿ ತೀರಿಹೋದ ಗಾಜಿನ ತೊಟ್ಟಿ, ಎಲ್ಲವನ್ನೂ ಎತ್ತಿ ಎತ್ತಿ ಹೊರಗಿಟ್ಟು ಕೊನೆಗೆ, “ಈಗೇನು ನಡೀತಿದೆ?” ಎಂದು ಕೇಳಿದರು.

ಭಾವ ಒಂದು ಲೋಟ ನೀರು ಪೂರ್ತಿ ಕುಡಿದರು. “ಗೇಮ್ ಮಾಡ್ತಾ ಇದ್ದೀನಿ” ಎಂದರು.

ಅಕ್ಕ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿಕೊಂಡೆ. ಪರೀಕ್ಷೆಗೆ ಓದಲೆಂದು ಅವರ ಮನೆಯಲ್ಲಿದ್ದ ನನಗೆ ಸತ್ಯ ಗೊತ್ತಿತ್ತು. ಯಾರೋ ಮಾಡಿಟ್ಟ ಬಸ್ ಓಡಿಸುವ ಗೇಮೊಂದರಲ್ಲಿ ನೀಲಿ ಬಸ್ಸನ್ನು ಹಸಿರು ಮಾಡುವುದು ಹೇಗೆಂದು ಭಾವ ಕಂಡುಹಿಡಿದಿದ್ದರು. ಅಷ್ಟೇ. ಅದಕ್ಕೂ ಎರಡು ಸಲ ಕಂಪ್ಯೂಟರ್ ಕೆಟ್ಟು ಕೂತಿತ್ತು.

ಷಡ್ಡಕರು ಅಲ್ಲಿಗೇ ಬಿಟ್ಟಿದ್ದರೆ ನಮ್ಮ ಬೀದಿ ಈಗಲೂ ಹಾಗೆಯೇ ಇರುತ್ತಿತ್ತು. ಆದರೆ ಅವರ ಮಗಳು ಗೇಮ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಅವರು ಊಟದ ಮಧ್ಯೆಯೇ ಅವಳಿಗೆ ಫೋನ್ ಹಚ್ಚಿ, ನಿನ್ನ ಚಿಕ್ಕಪ್ಪನೂ ನಿನ್ನ ಲೈನಿಗೆ ಬಂದಿದ್ದಾರಂತೆ ನೋಡು ಎಂದು ಭಾವನ ಕೈಗೆ ಕೊಟ್ಟುಬಿಟ್ಟರು. ಹುಡುಗಿ ಒಳ್ಳೆಯವಳು, ನಗಲಿಲ್ಲ. ಯಾರೋ ಮಾಡಿದ ಗೇಮಿನೊಳಗೆ ಕೈಹಾಕಿ ಬೇಕಾದಂತೆ ತಿದ್ದುವುದಕ್ಕೆ ಮಾಡಿಂಗ್ ಅನ್ನುತ್ತಾರೆ, ನಾವೆಲ್ಲ ಅಲ್ಲಿಂದಲೇ ಶುರು ಮಾಡಿದ್ದು ಎಂದಳು. “ಬಣ್ಣ ಎಲ್ಲರೂ ಬದಲಾಯಿಸ್ತಾರೆ ಚಿಕ್ಕಪ್ಪ. ನಿಮ್ಮದೇ ಬೀದೀನ ಅದರೊಳಗೆ ಕಟ್ಟಿ, ಬಸ್ ಓಡಿಸಿ. ಮುಂದಿನ ತಿಂಗಳು ಅಪ್ಪನ ಜೊತೆ ಬಂದು ನೋಡ್ತೀನಿ. ಚೆನ್ನಾಗಿದ್ರೆ ನಮ್ಮ ಆಫೀಸಲ್ಲೂ ತೋರಿಸ್ತೀನಿ.”

ಆ ಕೊನೆಯ ಮಾತು ಭಾವನ ತಲೆಯೊಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತಿತು. ಅವರ ಕೆಲಸ ನಗರಸಭೆಯ ಜನನ ಮರಣ ವಿಭಾಗದ ಕೌಂಟರಿನಲ್ಲಿ. ಹುಟ್ಟಿದವರನ್ನೂ ಸತ್ತವರನ್ನೂ ಬರೆದುಕೊಳ್ಳುವುದಷ್ಟೇ ಅವರ ಅಧಿಕಾರ, ನಡುವೆ ಬದುಕಿರುವವರ ತಂಟೆ ಅವರಿಗಿಲ್ಲ. ಆ ಕಿಟಕಿಯ ಹಿಂದಿನಿಂದ ಹೇಗಾದರೂ ಎದ್ದು ಬರಬೇಕೆಂಬುದು ಅವರ ಬಹುದಿನದ ಆಸೆ. ಈಗ ದಾರಿ ಸಿಕ್ಕಿತು. ಹಸಿರು ಬಸ್ಸು ನಮ್ಮ ಬೀದಿಯಲ್ಲಿ ಓಡಿದರೆ ಮುಗಿಯಿತು.

ಬೀದಿಯವರಿಗೆ ಮಾತ್ರ ಜನನ ಮರಣದ ವ್ಯತ್ಯಾಸವೆಲ್ಲ ಬೇಕಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ, ದೀಪ ಕೆಟ್ಟರೆ, ನಾಯಿ ಬೊಗಳಿದರೆ ನಮ್ಮ ಬಾಗಿಲಿಗೇ ಬರುತ್ತಾರೆ. ಭಾವನಿಗೆ ಅವರು ಇಟ್ಟ ಹೆಸರೇ ನಗರಸಭೆ. “ನಗರಸಭೆ ಸ್ನಾನಕ್ಕೆ ಹೋಗಿದೆಯೇನಮ್ಮ?” ಎಂದು ಅಕ್ಕನನ್ನೇ ಕೇಳುವವರಿದ್ದಾರೆ.

ಬೀದಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಹುಟ್ಟುವಾಗ ಅಗಲವಾಗಿಯೇ ಹುಟ್ಟಿತ್ತಂತೆ. ಆಮೇಲೆ ಪ್ರತಿ ಮನೆಯೂ ನಿದ್ದೆಯಲ್ಲಿ ಕಾಲು ಚಾಚಿದ ಹಾಗೆ ಒಂದಿಷ್ಟು ಮುಂದೆ ಬಂತು. ಹಲ್ಲಿನ ಡಾಕ್ಟರು ಕಾರು ಹತ್ತಿಸಲು ಸಿಮೆಂಟಿನ ಇಳಿಜಾರು ಹಾಕಿಸಿಕೊಂಡರು. ನಿವೃತ್ತ ಹೆಡ್‌ಮಾಸ್ಟರು ಹೂಗಿಡಗಳ ನೆಪದಲ್ಲಿ ಕಾಂಪೌಂಡ್ ಗೋಡೆಯನ್ನು ಮುಂದಕ್ಕೆ ನಡೆಸಿದರು. ಟೈಲರಮ್ಮ ಮಹಡಿಯ ಮೇಲಿನ ಹೊಲಿಗೆ ಅಂಗಡಿಗೆ ಕಬ್ಬಿಣದ ಏಣಿಮೆಟ್ಟಿಲನ್ನು ಬೀದಿಯಲ್ಲೇ ನಿಲ್ಲಿಸಿದರು. ತಿರುವಿನಲ್ಲಿರುವ ನಮ್ಮ ಮನೆಗೆ ಮೂರು ಕಲ್ಲಿನ ಮೆಟ್ಟಿಲು, ಅವೂ ಬೀದಿಯಲ್ಲೇ. ಕಸದ ಲಾರಿ ಒಳಗೆ ಬರಲಾಗದೆ ಬೀದಿಯ ಬಾಯಲ್ಲೇ ನಿಂತು ಹಾರ್ನ್ ಹೊಡೆಯುತ್ತದೆ, ನಾವೆಲ್ಲ ಬಕೆಟ್ ಹಿಡಿದು ಓಡುತ್ತೇವೆ. ಈ ವಿಷಯದಲ್ಲಿ ಯಾರೂ ಯಾರನ್ನೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸಿದರೆ ಅವರೂ ಪ್ರಶ್ನಿಸುತ್ತಾರೆ.

ಭಾವ ಅಳತೆಯಿಂದ ಶುರು ಮಾಡಿದರು. ಮನೆಯಲ್ಲಿ ಟೇಪ್ ಇರಲಿಲ್ಲ, ಟೈಲರಮ್ಮನ ಹತ್ತಿರ ಕೇಳಿದರು. ಯಾರ ಅಳತೆ ಎಂದು ಆಕೆ ಕೇಳಿದ್ದಕ್ಕೆ ಬೀದಿಯದು ಎಂದರು. ಟೈಲರಮ್ಮ ಕೊಟ್ಟರು, ಸಂಜೆಯೊಳಗೆ ವಾಪಸ್ ಬೇಕು ಎಂದರು. ಸೊಂಟದ ಸುತ್ತಳತೆಗೆ ಮಾಡಿದ ಆ ಹಳದಿ ಟೇಪಿನಿಂದ ಭಾವ ಬೀದಿಯ ಉದ್ದಗಲಗಳನ್ನು ಕೂತು, ತೆವಳಿ, ಮತ್ತೆ ಕೂತು ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು. ಆಫೀಸಿನಿಂದ ಬಂದ ಬಟ್ಟೆಯಲ್ಲೇ, ಜೇಬಿಗೆ ನಗರಸಭೆಯ ಗುರುತಿನ ಚೀಟಿ ಸಿಕ್ಕಿಸಿಕೊಂಡೇ ಅವರು ಇದನ್ನು ಮಾಡುತ್ತಿದ್ದಾರೆ ಎಂಬುದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಬೀದಿಗೆ ಹೊಳೆಯಿತು.

ಅದಾದ ಮೇಲೆ ಫೋಟೋಗಳು. ಗೇಮಿನ ಗೋಡೆಗೆ ನಿಜವಾದ ಗೋಡೆಯ ಚಿತ್ರವನ್ನೇ ಅಂಟಿಸಬೇಕು. ನೆರಳು ಬಿದ್ದ ಫೋಟೋ ಆಗದು, ನೆರಳೂ ಅಂಟಿಕೊಂಡುಬಿಡುತ್ತದೆ. ಮೋಡ ಕವಿದ ದಿನ ನೋಡಿಕೊಂಡು, ಗೋಡೆಗೆ ನೇರ ಎದುರಾಗಿ ನಿಂತು, ಮನುಷ್ಯರು ಬಾರದಂತೆ ತೆಗೆಯಬೇಕು. ಹೆಡ್‌ಮಾಸ್ಟರು ಗೇಟಿನಲ್ಲಿ ನಿಂತಿದ್ದವರು ಭಾವ ಫೋನ್ ಎತ್ತಿದ್ದು ಕಂಡು ತಲೆ ಸವರಿಕೊಂಡು, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು ನಕ್ಕರು.

“ನೀವು ಬೇಡ ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ. ಗೋಡೆ ಮಾತ್ರ ಸಾಕು” ಎಂದರು ಭಾವ.

ಹೆಡ್‌ಮಾಸ್ಟರು ಆ ದಿನ ಮಧ್ಯಾಹ್ನ ಮಲಗಲಿಲ್ಲವೆಂದು ಆಮೇಲೆ ತಿಳಿಯಿತು. ನಗರಸಭೆಗೆ ಮನುಷ್ಯ ಬೇಡ, ಗೋಡೆ ಬೇಕು ಎಂದರೆ ಏನರ್ಥ ಎಂದು ಅವರು ಹೆಂಡತಿಯನ್ನು ಕೇಳುತ್ತಲೇ ಇದ್ದರಂತೆ.

ಭಾವ ಗೇಮಿನಲ್ಲಿ ಮೊದಲು ಕಟ್ಟಿದ್ದು ನಮ್ಮ ಮನೆಯನ್ನೇ. ಗೋಡೆ ಬಂತು, ಬಾಗಿಲು ಬಂತು. ಮೆಟ್ಟಿಲು ಮಾತ್ರ ಮಡಚಿಟ್ಟ ಕಂಬಳಿಯ ಹಾಗೆ ಬಂತು. ಮೂರು ಸಲ ತಿದ್ದಿ, ಬೇಸರವಾಗಿ ಅಳಿಸಿಹಾಕಿದರು. ಬಸ್ಸಿಗೇನು, ಮೆಟ್ಟಿಲು ಹತ್ತಬೇಕೇ ಎಂದರು. ಮಿಕ್ಕ ಮನೆಗಳು ಚೆನ್ನಾಗಿಯೇ ಬಂದವು. ಟೈಲರಮ್ಮನ ಕಬ್ಬಿಣದ ಏಣಿಮೆಟ್ಟಿಲ ತುಕ್ಕು ಕೂಡ ಸರಿಯಾಗಿ ಕಾಣುತ್ತಿತ್ತು. ನನಗೇ ಸ್ವಲ್ಪ ಗೌರವ ಹುಟ್ಟಿತು.

ಬಸ್ಸು ಹೊರಟಿತು. ಬೀದಿಯ ಬಾಯಿಂದ ಒಳಗೆ ಬಂದು, ಹೆಡ್‌ಮಾಸ್ಟರ ಗೋಡೆ ದಾಟಿ, ನಮ್ಮ ಮನೆಯ ತಿರುವಿಗೆ ಬಂದು ಢಬ್ ಎಂದು ನಿಂತುಬಿಟ್ಟಿತು. ಮುಂದೆ ಖಾಲಿ ರಸ್ತೆ. ಹಿಂದೆ ತಂದು ಮತ್ತೆ ಬಿಟ್ಟರು, ಢಬ್. ಬಸ್ಸು ಉದ್ದವಾಯಿತು, ಹಿಂಭಾಗ ಎದುರುಗಡೆ ಡಾಕ್ಟರ ಇಳಿಜಾರಿಗೆ ತಾಗುತ್ತಿದೆ ಎಂದು ಭಾವ ತೀರ್ಮಾನಿಸಿದರು. ಇಳಿಜಾರನ್ನು ಗೇಮಿನಿಂದ ತೆಗೆದರು. ಢಬ್. ಟೈಲರಮ್ಮನ ಏಣಿಮೆಟ್ಟಿಲನ್ನು ತೆಗೆದರು. ಢಬ್.

ಕಂಪ್ಯೂಟರ್ ಇದ್ದದ್ದು ಬೀದಿಗೆ ತೆರೆಯುವ ಕಿಟಕಿಯ ಪಕ್ಕದಲ್ಲಿ. ಟೇಪ್ ಕೇಳಲು ಬಂದ ಟೈಲರಮ್ಮ ಕಿಟಕಿಯಿಂದ ಇಣುಕಿದರು. ತಮ್ಮ ಮನೆ ಕಂಡಿತು, ಅಂಗಡಿಯ ಬೋರ್ಡ್ ಕಂಡಿತು.

“ನನ್ನ ಮೆಟ್ಟಿಲೆಲ್ಲಿ?”

“ತೆಗೆದುಬಿಟ್ಟೆ” ಎಂದರು ಭಾವ ತಿರುಗಿ ನೋಡದೆ. “ಬಸ್ಸು ತಿರುಗ್ತಿಲ್ಲ.”

“ಯಾವ ಬಸ್ಸು?”

“ಹಸಿರು ಬಸ್ಸು. ಡಾಕ್ಟರ ಇಳಿಜಾರನ್ನೂ ತೆಗೆದೆ. ಆದರೂ ಸಾಲ್ತಿಲ್ಲ ನೋಡಿ.”

ಟೈಲರಮ್ಮನ ಮುಖದ ಬಣ್ಣ ಬದಲಾದದ್ದು ಕಂಡು ನಾನು ಅಡ್ಡ ಬಾಯಿ ಹಾಕಿ, ಇದು ಗೇಮ್, ಕಂಪ್ಯೂಟರಿನಲ್ಲಿ ಆಡುವ ಆಟ ಎಂದೆ. ಭಾವನೂ ಈಗ ತಿರುಗಿ ಅದನ್ನೇ ಹೇಳಿದರು.

“ಆಫೀಸಿಂದ ಬಂದು ಬೀದೀಲಿ ತೆವಳ್ಕೊಂಡು ಅಳತೆ ತಗೊಳ್ಳೋ ಆಟ ಯಾವುದಪ್ಪಾ ಅದು?” ಎಂದು ಕೇಳಿ ಟೈಲರಮ್ಮ ಹೊರಟುಹೋದರು. ಟೇಪ್ ಒಯ್ಯಲು ಮರೆತರು. ಬೀದಿಯ ರಸ್ತೆ ಅಗಲವಾಗುತ್ತದೆ, ಬಸ್ಸು ಬರುತ್ತದೆ, ನಕ್ಷೆ ನಗರಸಭೆಯ ಮನೆಯಲ್ಲಿ ತಯಾರಾಗುತ್ತಿದೆ, ಕೇಳಿದರೆ ಆಟ ಅನ್ನುತ್ತಾರೆ ಎಂಬ ಸುದ್ದಿ ಅವರಿಗಿಂತ ಮೊದಲೇ ಅವರ ಮನೆ ಸೇರಿತು.

ಮರುದಿನ ಹಲ್ಲಿನ ಡಾಕ್ಟರು ಭಾವನನ್ನು ತಡೆದು, ನಿಮ್ಮ ಹಲ್ಲು ನೋಡಿದರೆ ನನಗೆ ಸಂಕಟವಾಗುತ್ತದೆ, ಬನ್ನಿ, ಸ್ವಚ್ಛ ಮಾಡಿಕೊಡುತ್ತೇನೆ, ನೆರೆಯವರಿಗೆಲ್ಲ ಏನು ಲೆಕ್ಕ ಎಂದರು. ಇಷ್ಟು ವರ್ಷ ಆ ಹಲ್ಲುಗಳನ್ನು ದಿನಾ ನೋಡಿದವರೇ. ಭಾವನಿಗೆ ಡಾಕ್ಟರೆಂದರೆ ಭಯ, ನನ್ನನ್ನೂ ಜೊತೆಗೆ ಕರೆದೊಯ್ದರು. ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಬಾಯಿ ತೆರೆಸಿ, ಎರಡು ಸಲಕರಣೆ ಒಳಗಿಟ್ಟ ಮೇಲೆ ಡಾಕ್ಟರು ಮಾತು ತೆಗೆದರು.

“ನನ್ನ ಇಳಿಜಾರೂ ಅದರಲ್ಲಿ ಇದೆಯಂತೆ.”

“ಆ” ಎಂದರು ಭಾವ. ಆ ಸ್ಥಿತಿಯಲ್ಲಿ ಬೇರೆ ಅಕ್ಷರ ಯಾವುದೂ ಬರುವಂತಿರಲಿಲ್ಲ.

“ಆಟ ಅಂತ ಹೇಳಿ ಅಂದಿದ್ದಾರಾ ಮೇಲಿನವರು?”

“ಆ.”

“ನನಗರ್ಥ ಆಗತ್ತೆ. ನೀವು ಬಾಯಿ ಬಿಡೋ ಹಾಗಿಲ್ಲ.” ಬಾಯಿ ಪೂರ್ತಿ ಬಿಟ್ಟಿದ್ದ ಭಾವ ಕಣ್ಣಿನಲ್ಲೇ ನನ್ನನ್ನು ಕರೆದರು. ನಾನು ಎದ್ದು, ಡಾಕ್ಟರೇ ಅದು ನಿಜಕ್ಕೂ ಗೇಮು ಎಂದೆ. ಡಾಕ್ಟರು ನನ್ನತ್ತ ಕರುಣೆಯಿಂದ ನೋಡಿ, ಮನೆಯವರಿಗೂ ಹಾಗೇ ಹೇಳಿದ್ದಾರೆ ಪಾಪ ಎಂದರು. ಆಮೇಲೆ ಭಾವನ ಕಡೆ ಬಾಗಿ, “ಎಷ್ಟು ಹೋಗತ್ತೆ? ಅರ್ಧಾನಾ? ಪೂರ್ತಿನಾ?” ಎಂದು ಕೇಳುವ ಹೊತ್ತಿಗೆ ಸಲಕರಣೆಯ ಮೊನೆ ಯಾವುದೋ ನರಕ್ಕೆ ತಾಗಿತು. ಭಾವ ‘ಪೂರ್ತಿ’ಯ ಹೊತ್ತಿಗೆ ಸರಿಯಾಗಿ ಕುರ್ಚಿಯಿಂದ ಒಂದಡಿ ಮೇಲೆ ಹಾರಿದರು.

“ಪೂರ್ತಿ” ಎಂದು ಡಾಕ್ಟರು ಕೈಗವಸು ಕಳಚಿದರು. ಕೆಳಸಾಲಿನ ಹಲ್ಲು ಹಾಗೆಯೇ ಉಳಿಯಿತು.

ಆದರೂ ಅವರು ಓದಿದವರು, ಖಚಿತ ಮಾಡಿಕೊಳ್ಳಲು ನಗರಸಭೆಯ ಇಂಜಿನಿಯರಿಗೇ ಫೋನ್ ಮಾಡಿದರು. ಇಂಜಿನಿಯರಿಗೆ ವಿಷಯವೇ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇಲ್ಲ. ತನ್ನನ್ನು ಬಿಟ್ಟು ನಕ್ಷೆ ಜನನ ಮರಣ ವಿಭಾಗಕ್ಕೆ ಹೋಗಿದೆಯೆಂದರೆ ಇದರ ಹಿಂದೆ ಬಹಳ ದೊಡ್ಡವರಿರಬೇಕು ಎಂದು ಅವರು ಹೆದರಿದರು. ವಿಷಯ ಪರಿಶೀಲನೆಯಲ್ಲಿದೆ, ಸದ್ಯಕ್ಕೆ ಏನೂ ಹೇಳಲಾಗದು ಎಂದು ಫೋನಿಟ್ಟರು. ಆಮೇಲೆ ಭಾವನ ಕೌಂಟರಿಗೆ ತಾವೇ ಬಂದು, ಎಲ್ಲ ಸರಿಯಾಗಿ ನಡೀತಿದೆಯಾ ಎಂದು ಕೇಳಿದರು. ಭಾವ, ಎಲ್ಲ ಸರಿ ಸಾರ್, ತಿರುವೊಂದೇ ಕೈ ಕೊಡ್ತಿದೆ ಎಂದರು. ತಮ್ಮ ಗೇಮಿನ ವಿಷಯ ಆಫೀಸಿನಲ್ಲಿ ವಿಚಾರಿಸಿದ ಮೊದಲ ಅಧಿಕಾರಿ ಅವರು ಎಂದು ಭಾವನಿಗೆ ಸಂತೋಷವಾಗಿತ್ತು. ಇಂಜಿನಿಯರು ಎಳೆದ ಉಸಿರು ಬಿಡದೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಇತ್ತ ನಮ್ಮ ಮನೆಗೆ ಜನ ಬರಲು ಶುರು. ತಮ್ಮದನ್ನು ಉಳಿಸಿ ಎಂದು ಯಾರೂ ನೇರ ಕೇಳಲಿಲ್ಲ. ಎದುರು ಮನೆಯದನ್ನು ಇನ್ನಷ್ಟು ತೆಗೆದರೆ ಬಸ್ಸು ಸರಾಗ ತಿರುಗಬಹುದಲ್ಲವೇ ಎಂದು ಸೂಚಿಸಿದರು. ಅಕ್ಕ ಚಹಾ ಮಾಡಿ ಮಾಡಿ ಸೋತು, “ಆ ಬಸ್ಸನ್ನ ಸ್ವಲ್ಪ ಚಿಕ್ಕದು ಮಾಡ್ರೀ, ಊರೇ ಉಳಿಯತ್ತೆ” ಎಂದಳು. ಅದು ಈ ಇಡೀ ಪ್ರಕರಣದಲ್ಲಿ ಯಾರಾದರೂ ಆಡಿದ ಏಕೈಕ ಬುದ್ಧಿವಂತ ಮಾತು. ಭಾವ ಕೇಳಲಿಲ್ಲ. ಬಸ್ಸು ಚಿಕ್ಕದು ಮಾಡಿದರೆ ಷಡ್ಡಕ ವ್ಯಾನ್ ಅನ್ನುತ್ತಾರೆ ಎಂದರು.

ಕೊನೆಗೆ ಭಾವನಿಗೂ ಸಾಕಾಯಿತು. ಒಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಮುಂದಿನ ಕೋಣೆಗೆ ಕರೆದು, ಇದು ಆಟವೇ ಎಂದು ಆಡಿ ತೋರಿಸುತ್ತೇನೆ ಎಂದರು. ಹಿರಿಯರೆಂದು ಹೆಡ್‌ಮಾಸ್ಟರನ್ನು ಕುರ್ಚಿಯಲ್ಲಿ ಕೂರಿಸಿ, ಯಾವ ಗುಂಡಿ ಒತ್ತಿದರೆ ಬಸ್ಸು ಯಾವ ಕಡೆ ಹೋಗುತ್ತದೆಂದು ಹೇಳಿಕೊಟ್ಟರು. ಹೆಡ್‌ಮಾಸ್ಟರು ಬೆನ್ನು ನೆಟ್ಟಗೆ ಮಾಡಿಕೊಂಡು ಬಸ್ಸನ್ನು ಬೀದಿಯೊಳಗೆ ತಂದರು, ತಂದವರು ಎಡಕ್ಕೆ ಒತ್ತುವ ಬದಲು ಬಲಕ್ಕೆ ಒತ್ತಿ ತಮ್ಮದೇ ಕಾಂಪೌಂಡಿಗೆ ನುಗ್ಗಿಸಿದರು. ಬಸ್ಸಿನೊಳಗಿನ ಪ್ರಯಾಣಿಕರು ಕಿರುಚಿದರು. ಆ ಕಿರುಚಾಟ ಗೇಮಿನಲ್ಲಿ ಮೊದಲಿಂದಲೂ ಇತ್ತು, ಅದಕ್ಕೆ ಭಾವ ಹೊಣೆಯಲ್ಲ.

ಹೆಡ್‌ಮಾಸ್ಟರು ನಿಧಾನವಾಗಿ ಎದ್ದು ನಿಂತರು. ಕನ್ನಡಕ ತೆಗೆದು ಒರೆಸಿದರು.

“ಗೋಡೆ ನನ್ನದು, ತಪ್ಪೂ ನನ್ನದೇ” ಎಂದರು. “ಅವರು ಬಂದು ಒಡೆದ್ರೆ ಇಟ್ಟಿಗೆ ಪುಡಿಯಾಗತ್ತೆ. ನಾವೇ ಬಿಚ್ಚಿದ್ರೆ ಉಳಿಯತ್ತೆ.”

ಮರುದಿನ ಬೆಳಿಗ್ಗೆ ಅವರು ಹಾರೆ ಹಿಡಿದು ಗೋಡೆ ಬಿಚ್ಚತೊಡಗಿದರು. ಭಾವ ಓಡಿಹೋಗಿ ಕೈ ಹಿಡಿದುಕೊಂಡರು, ಬೇಡ ಸಾರ್, ಯಾವ ಬಸ್ಸೂ ಇಲ್ಲ, ಯಾವ ರಸ್ತೆಯೂ ಇಲ್ಲ ಎಂದರು. ಹೆಡ್‌ಮಾಸ್ಟರು ಅವರ ಭುಜ ತಟ್ಟಿ, ನಿಮ್ಮ ಕಷ್ಟ ನನಗೆ ಗೊತ್ತು ಎಂದು ಮತ್ತೊಂದು ಇಟ್ಟಿಗೆ ಎಬ್ಬಿಸಿದರು. ನಗರಸಭೆಯವನೇ ಬಂದು ಬೇಡಿಕೊಂಡನೆಂದರೆ ಒಡೆಯುವ ದಿನ ಹತ್ತಿರ ಬಂದಿರಬೇಕು ಎಂದು ಡಾಕ್ಟರು ಲೆಕ್ಕ ಹಾಕಿ ಸಂಜೆಯೊಳಗೆ ಇಳಿಜಾರು ಕೀಳಿಸಿದರು. ಟೈಲರಮ್ಮ ಏಣಿಮೆಟ್ಟಿಲನ್ನು ಬಿಚ್ಚಿಸಿ ಮನೆಯೊಳಗಿನಿಂದಲೇ ದಾರಿ ಮಾಡಿಕೊಂಡರು. ಗಿರಾಕಿಗಳು ಈಗ ಅವರ ಅಡುಗೆಮನೆ ದಾಟಿ ಮಹಡಿಗೆ ಹೋಗಬೇಕು, ಒಲೆಯ ಮೇಲೆ ಏನಿದೆಯೆಂದು ಎಲ್ಲರಿಗೂ ಗೊತ್ತಾಗುತ್ತದೆ. ಭಾವ ಮನೆಮನೆಗೂ ಹೋಗಿ ಕೈಮುಗಿದರು. ಅವರು ಹೋದ ಮನೆಯಲ್ಲೆಲ್ಲ ಕೆಲಸ ಇನ್ನಷ್ಟು ಚುರುಕಾಯಿತು.

ಒಂದೇ ವಾರದಲ್ಲಿ ಬೀದಿ ಅಗಲವಾಗಿ ಬಿದ್ದುಕೊಂಡಿತು. ಅದರಲ್ಲಿ ಮುಂದೆ ಚಾಚಿಕೊಂಡು ಉಳಿದದ್ದು ಒಂದೇ ಒಂದು: ನಮ್ಮ ಮನೆಯ ಮೂರು ಮೆಟ್ಟಿಲು. ಒಡೆಯುವವರು ಯಾರೂ ಬರುವುದಿಲ್ಲ ಎಂದು ಗೊತ್ತಿದ್ದ ಮನೆ ನಮ್ಮದೊಂದೇ ಆದ್ದರಿಂದ ನಾವು ಮುಟ್ಟಿರಲಿಲ್ಲ. ಆದರೆ ಈ ಸರಳ ವಿವರಣೆಯನ್ನು ಯಾರಿಗೆ ಕೊಡುವುದು? ಎಲ್ಲರೂ ನಮ್ಮ ಮೆಟ್ಟಿಲುಗಳನ್ನು ನೋಡುತ್ತಾ, ಮಾತಾಡದೆ ಹಾದುಹೋಗತೊಡಗಿದರು. ಅಕ್ಕನಿಗೆ ಸೊಪ್ಪು ಮಾರುವವಳು ಕೂಡ ಮುಖ ಕೊಡಲಿಲ್ಲ. ಭಾವ ತಮ್ಮ ಗೇಮನ್ನು ಹಳೆಯ ಬೀದಿಗೇ ತಿರುಗಿಸಿ, ಬೇರೆಯವರ ಮನೆಗಳಿಂದ ತೆಗೆದದ್ದನ್ನೆಲ್ಲ ಒಳಗೆ ಮರಳಿ ಇಟ್ಟರು. ಬೀದಿ ಹೇಗಿತ್ತೆಂಬುದಕ್ಕೆ ಅದೊಂದೇ ಸಾಕ್ಷಿಯಾಗಿ ಉಳಿಯಿತು. ಬಸ್ಸು ಮಾತ್ರ ಅದೇ ತಿರುವಿನಲ್ಲಿ ಢಬ್ ಎನ್ನುತ್ತಲೇ ಇತ್ತು.

ಷಡ್ಡಕರು ಮಗಳನ್ನು ಕರೆದುಕೊಂಡು ಬಂದರು. ಯಾವಾಗಲೂ ಬೀದಿಯ ಬಾಯಲ್ಲಿ ಕಾರು ಬಿಟ್ಟು ಬೈಯುತ್ತಾ ನಡೆದು ಬರುತ್ತಿದ್ದವರು ಈ ಸಲ ಬಾಗಿಲವರೆಗೂ ಬಂದಿಳಿದರು. ಪರವಾಗಿಲ್ಲ, ನಿಮ್ಮ ಬೀದಿಗೆ ಬುದ್ಧಿ ಬಂದಿದೆ ಎಂದರು. ಹಳೆಯ ಬೀದಿಯನ್ನು ಎಂದೂ ನೋಡಿರದ ಹುಡುಗಿ ಕಂಪ್ಯೂಟರಿನ ಮುಂದೆ ಕೂತು ಗೇಮ್ ನೋಡಿದಳು, ಕಿಟಕಿಯಾಚೆ ನೋಡಿದಳು, ಮತ್ತೆ ಗೇಮ್ ನೋಡಿದಳು.

“ಚಿಕ್ಕಪ್ಪ, ನಿಮ್ಮ ಬೀದಿ ಮಾಡಿ ಅಂದಿದ್ದೆ. ಇದು ಯಾವ ಬೀದಿ?”

ಷಡ್ಡಕರು ಸೋಫಾದಲ್ಲಿ ಹಿತವಾಗಿ ಒರಗಿಕೊಂಡರು. ಇದೇ ಬೀದಿ ಎಂದು ಭಾವ ಹೇಳಲು ಹೋದರು, ನಾನೂ ಸೇರಿಕೊಂಡೆ, ಅಕ್ಕ ಒಳಗಿನಿಂದ ಏನೋ ಕೂಗಿದಳು. ಮೂವರೂ ಒಟ್ಟಿಗೆ ಸತ್ಯ ಹೇಳಿದ್ದರಿಂದ ಅವಳಿಗೆ ಏನೂ ತಿಳಿಯಲಿಲ್ಲ. ಬಿಡಿ, ಓಡಿಸಿ ನೋಡೋಣ ಎಂದು ಬಸ್ಸು ಬಿಟ್ಟಳು. ಬಸ್ಸು ತಿರುವಿಗೆ ಬಂತು. ಢಬ್.

ಅದೇ ಹೊತ್ತಿಗೆ ಹೊರಗಿನಿಂದಲೂ ಒಂದು ಢಬ್ ಕೇಳಿಸಿತು. ಬೀದಿ ಅಗಲವಾದದ್ದು ಕಂಡು ಕಸದ ಲಾರಿಯ ಡ್ರೈವರ್ ಅಂದು ಮೊದಲ ಬಾರಿಗೆ ಧೈರ್ಯ ಮಾಡಿ ಒಳಗೆ ಬಂದಿದ್ದ. ತಿರುವಿನಲ್ಲಿ ಲಾರಿಯ ಮುಂದಿನ ಚಕ್ರ ನಮ್ಮ ಕೆಳಗಿನ ಮೆಟ್ಟಿಲಿಗೆ ಬಡಿದು ನಿಂತಿತ್ತು. ಅವನು ಹಾರ್ನ್ ಹೊಡೆದು, ಯಾರದ್ರೀ ಈ ಮೆಟ್ಟಿಲು ಎಂದು ಕೂಗಿದ. ಇಡೀ ಬೀದಿ ಹೊರಗೆ ಬಂತು. ಡಾಕ್ಟರು, ಹೆಡ್‌ಮಾಸ್ಟರು, ಟೈಲರಮ್ಮ ನಮ್ಮ ಕಿಟಕಿಗೆ ಮುಖ ಒತ್ತಿದರು.

ಹುಡುಗಿಗೆ ಇದರ ಕಡೆ ಲಕ್ಷ್ಯವಿಲ್ಲ. ತೊಡಕು ಸಿಕ್ಕಿದರೆ ಅವಳಿಗೆ ಹೊರಗಿನ ಪ್ರಪಂಚ ಕೇಳಿಸುವುದಿಲ್ಲ. “ಗೇಮಲ್ಲಿ ಪ್ರತಿಯೊಂದು ವಸ್ತೂನೂ ಎರಡು ಇರತ್ತೆ ಚಿಕ್ಕಪ್ಪ” ಎಂದಳು. “ಒಂದು ಕಣ್ಣಿಗೆ ಕಾಣೋ ರೂಪ. ಇನ್ನೊಂದು ಕಾಣದ ಪೆಟ್ಟಿಗೆ, ಗಾಡಿ ಡಿಕ್ಕಿ ಹೊಡೆಯೋದು ಅದಕ್ಕೆ. ರೂಪ ಅಳಿಸಿ ಪೆಟ್ಟಿಗೆ ಬಿಟ್ರೆ ಹೀಗಾಗತ್ತೆ. ನಾನೂ ಮೊದಲು ಇದೇ ತಪ್ಪು ಮಾಡಿದ್ದೆ. ತಡೀರಿ, ತೋರಿಸ್ತೀನಿ.” ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ, ಬಸ್ಸಿನ ಮೂತಿಗೆ ಸರಿಯಾಗಿ, ನಮ್ಮ ಮನೆಯ ಬಾಗಿಲ ಮುಂದೆ ಕೆಂಪು ಗೆರೆಯ ಪೆಟ್ಟಿಗೆಯೊಂದು ಎದ್ದು ನಿಂತಿತು.

“ಇಲ್ಲಿ ಏನಿತ್ತು ಚಿಕ್ಕಪ್ಪ?”

ಕಿಟಕಿಯಿಂದ ಹೆಡ್‌ಮಾಸ್ಟರು, ತರಗತಿಯಲ್ಲಿ ಉತ್ತರ ಹೊಳೆದ ಹುಡುಗನ ಹಾಗೆ, “ಅವರ ಮೆಟ್ಟಿಲು” ಎಂದರು.

“ಹಾಗಾದ್ರೆ ತೊಂದ್ರೆ ಇದ್ದದ್ದು ಇಷ್ಟೇ” ಎಂದಳು ಹುಡುಗಿ. “ಬೇರೆ ಯಾರದ್ದೂ ತೆಗೀಬೇಕಿಲ್ಲ.”

ಕಿಟಕಿಯಲ್ಲಿದ್ದ ಮುಖಗಳೆಲ್ಲ ಪರದೆಯಿಂದ ಭಾವನ ಕಡೆಗೆ ತಿರುಗಿದವು. ಕೂಗಾಡಿದ್ದರೆ ಒಳ್ಳೆಯದಿತ್ತು. ಹೆಡ್‌ಮಾಸ್ಟರು ಮನೆಗೆ ಹೋಗಿ ತಮ್ಮ ಹಾರೆ ತಂದು, ಎರಡೂ ಕೈಯಲ್ಲಿ, ಬಹುಮಾನ ಕೊಡುವಂತೆ ಭಾವನಿಗೆ ಕೊಟ್ಟರು. ಡಾಕ್ಟರು ಕುರ್ಚಿ ತರಿಸಿಕೊಂಡು ಕೂತರು. ಲಾರಿ ಡ್ರೈವರ್ ಇಂಜಿನ್ ಆಫ್ ಮಾಡಿದ. ಭಾವ ನೆಂಟರು ಬರುತ್ತಾರೆಂದು ಹಾಕಿಕೊಂಡಿದ್ದ ಒಳ್ಳೆಯ ಶರ್ಟಿನಲ್ಲೇ ಮೂರು ಮೆಟ್ಟಿಲುಗಳನ್ನೂ ಎಬ್ಬಿಸಿದರು. ಎಲ್ಲಿ ಹಾರೆ ಕೊಟ್ಟರೆ ಕಲ್ಲು ಮುರಿಯದೆ ಬರುತ್ತದೆಂದು ಇಡೀ ಬೀದಿ ಹೇಳಿಕೊಟ್ಟಿತು. ಒಂದು ವಾರದ ಅನುಭವ ಎಲ್ಲರಿಗೂ ಇತ್ತು. ಷಡ್ಡಕರು ತಮ್ಮ ಜೀವನದಲ್ಲಿ ಕಂಡ ಅತ್ಯುತ್ತಮ ಭಾನುವಾರ ಅದೇ ಎಂದು ಈಗಲೂ ಹೇಳುತ್ತಾರೆ.

ಕೊನೆಯ ಕಲ್ಲು ಸರಿದು ಲಾರಿ ತಿರುಗಿತು. ಒಳಗೆ ಹುಡುಗಿ ಪೆಟ್ಟಿಗೆ ಅಳಿಸಿದ್ದಳು, ಹಸಿರು ಬಸ್ಸೂ ತಿರುಗಿತು. ಅವಳನ್ನು ಬಿಟ್ಟರೆ ಅದನ್ನು ನೋಡಿದವನು ನಾನೊಬ್ಬನೇ. ಭಾವ ಕಿಟಕಿಯ ಕಂಬಿ ಹಿಡಿದು, ಬೆವರು ಒರೆಸಿಕೊಳ್ಳುತ್ತಾ, ಆಫೀಸಿನಲ್ಲಿ ತೋರಿಸ್ತೀಯಾ ಎಂದು ಕೇಳಿದರು.

“ತೋರಿಸ್ಬಹುದು ಚಿಕ್ಕಪ್ಪ. ಆದ್ರೆ ಬೀದಿ ಈಗ ಹೀಗಿಲ್ವಲ್ಲ. ಮತ್ತೆ ಅಳತೆ ತಗೊಂಡು, ಹೊಸ ಫೋಟೋ ತೆಗೆದು, ಮೊದಲಿಂದ ಮಾಡಿ.”

ಮರುದಿನ ಬೆಳಿಗ್ಗೆ ಆಕಾಶ ತುಂಬ ಮೋಡ. ಎಲ್ಲಿಯೂ ನೆರಳಿಲ್ಲ. ಭಾವ ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಹಳದಿ ಟೇಪ್ ಹಿಡಿದು, ನೆರಳಿಲ್ಲದ ಗೋಡೆಗಳನ್ನೇ ಕಣ್ಣಲ್ಲಿ ತುಂಬಿಕೊಂಡು ಬಾಗಿಲು ದಾಟಿ ಎಂದಿನಂತೆ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಗೇಮಿನಲ್ಲಿ ಅಳಿಸಿದ ಮೆಟ್ಟಿಲು ಬಸ್ಸನ್ನೇ ತಡೆದು ನಿಲ್ಲಿಸಿತ್ತು. ಇಲ್ಲಿ ಅಳಿಸಿದ ಮೆಟ್ಟಿಲು ಭಾವನನ್ನೂ ತಡೆಯಲಿಲ್ಲ. ಅವರು ಬೀದಿಯ ನಟ್ಟನಡುವೆ, ಕೈಕಾಲು ನಾಲ್ಕೂ ದಿಕ್ಕಿಗೆ ಚಾಚಿ, ಉದ್ದಕ್ಕೆ ಬಿದ್ದರು.

ಒಂದೊಂದಾಗಿ ಕಿಟಕಿಗಳು ತೆರೆದವು. ಟೈಲರಮ್ಮ ಮಾತ್ರ ಬೀದಿಗಿಳಿದು ಬಂದು, ಭಾವನ ಮೇಲೆ ಬಾಗಿ, ಅವರ ಮುಷ್ಟಿಯಿಂದ ಒಂದೊಂದೇ ಬೆರಳು ಬಿಡಿಸಿದರು.

“ಬಿದ್ದಲ್ಲಿಂದಲೇ ಅಳತೆ ಶುರು ಮಾಡ್ಬೇಡಿ” ಎಂದರು. “ನನ್ನ ಟೇಪ್ ಕೊಡಿ ಮೊದಲು.”